ಅಮೆರಿಕದ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಬಡ್ಡಿ ಆದಾಯವನ್ನು ಓದುವ ಬಗೆ

ಅಮೆರಿಕದಲ್ಲಿ ಆಸ್ತಿ ತೆರಿಗೆ ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಕಂತುಗಳಲ್ಲಿ ಬಂದು ಸೇರುತ್ತದೆ. ಶಿಕ್ಷಕರ ಮತ್ತು ಪೊಲೀಸರ ಸಂಬಳವಾದರೋ ವರ್ಷವಿಡೀ ಹೋಗುತ್ತಿರುತ್ತದೆ. ಈ ನಡುವಿನ ಅವಧಿಯಲ್ಲಿ ಖಜಾನೆಯಲ್ಲಿ ಉಳಿಯುವ ಶಿಲ್ಕನ್ನು ರಾಜ್ಯ, ಕೌಂಟಿ ಮತ್ತು ನಗರಗಳ ಖಜಾಂಚಿಗಳು ಬ್ಯಾಂಕ್ ಠೇವಣಿಯಲ್ಲಿ, ಟ್ರೆಷರಿ ಬಿಲ್ಲುಗಳಲ್ಲಿ (ಫೆಡರಲ್ ಸರ್ಕಾರದ ಅಲ್ಪಾವಧಿ ಸಾಲಪತ್ರಗಳು), ಇಲ್ಲವೇ ಹಲವು ಸಂಸ್ಥೆಗಳು ಸೇರಿ ನಡೆಸುವ ಸಾಮೂಹಿಕ ಹೂಡಿಕೆ ನಿಧಿಗಳಲ್ಲಿ ತೊಡಗಿಸುತ್ತಾರೆ. ಅದರಿಂದ ಬರುವ ಬಡ್ಡಿಯ ಮೊತ್ತ ದೊಡ್ಡದಾಗಿದೆ ಎಂಬುದಷ್ಟರಿಂದಲೇ ಆಡಳಿತವನ್ನು ಮೆಚ್ಚುವಂತಿಲ್ಲ.

ಮೊದಲು ಅಂಕಿ ಯಾರದೆಂದು ನೋಡಿಕೊಳ್ಳಿ. ಫೆಡರಲ್ ಸರ್ಕಾರದ ಅಂಕಿಅಂಶ ಸಂಸ್ಥೆಯಾದ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ ರಾಷ್ಟ್ರೀಯ ಲೆಕ್ಕಪತ್ರದ ಭಾಗವಾಗಿ ದೇಶದ ಒಟ್ಟು ಮೊತ್ತವನ್ನು ಕೊಡುತ್ತದೆ; ಸೆನ್ಸಸ್ ಬ್ಯೂರೋ ಸಮೀಕ್ಷೆಯ ಮೂಲಕ ರಾಜ್ಯವಾರು ವಿವರ ಕೊಡುತ್ತದೆ. ಮೊದಲನೆಯದರಲ್ಲಿ ತ್ರೈಮಾಸಿಕ ಅಂಕಿಯನ್ನು ಋತುಮಾನದ ಏರಿಳಿತ ಕಳೆದು ವಾರ್ಷಿಕ ದರಕ್ಕೆ ಹಿಗ್ಗಿಸಿ ಬರೆದಿರುತ್ತಾರೆ. ಆದ್ದರಿಂದ ಆ ಮೂರು ತಿಂಗಳ ಬಡ್ಡಿ ಬೇಕೆಂದರೆ ನಾಲ್ಕರಿಂದ ಭಾಗಿಸಬೇಕು. ನಾಲ್ಕೂ ತ್ರೈಮಾಸಿಕಗಳನ್ನು ಹಾಗೆಯೇ ಕೂಡಿದರೆ ವರ್ಷದ ಆದಾಯ ನಾಲ್ಕು ಪಟ್ಟಾಗಿ ಕಾಣುತ್ತದೆ. ಆರ್ಥಿಕ ವರ್ಷವನ್ನೂ ಗಮನಿಸಿ: 46 ರಾಜ್ಯಗಳಲ್ಲಿ ಅದು ಜೂನ್ 30ಕ್ಕೆ ಮುಗಿದರೆ, ನ್ಯೂಯಾರ್ಕ್‌ನಲ್ಲಿ ಮಾರ್ಚ್ 31ಕ್ಕೆ, ಟೆಕ್ಸಾಸ್‌ನಲ್ಲಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನೌಕರರ ಪಿಂಚಣಿ ನಿಧಿಗಳ ಗಳಿಕೆ ಬೇರೆಯೇ ಲೆಕ್ಕ; ಅದನ್ನು ಇದರೊಂದಿಗೆ ಬೆರೆಸಬಾರದು.

ಎರಡನೆಯದಾಗಿ, ಏರಿಕೆಯನ್ನು ದರ ಮತ್ತು ಶಿಲ್ಕು ಎಂದು ಬಿಡಿಸಿ ನೋಡಿ. ಉದಾಹರಣೆಗೆ, ಒಂದು ನಗರದ ಸರಾಸರಿ ದೈನಂದಿನ ಶಿಲ್ಕು 5 ಕೋಟಿ ಡಾಲರ್ ಎಂದಿಟ್ಟುಕೊಳ್ಳೋಣ. ಶೇ. 0.4ರ ದರದಲ್ಲಿ ಅದಕ್ಕೆ ವರ್ಷಕ್ಕೆ 2 ಲಕ್ಷ ಡಾಲರ್ ಬಡ್ಡಿ ಬರುತ್ತದೆ, ಶೇ. 4ರಲ್ಲಿ 20 ಲಕ್ಷ. ಆದಾಯ ಹತ್ತು ಪಟ್ಟಾಗಿದ್ದರೂ ನಗರವು ಹೊಸದಾಗಿ ಏನನ್ನೂ ಮಾಡಿಲ್ಲ. 2022ರ ಮಾರ್ಚ್‌ವರೆಗೆ ಸೊನ್ನೆಯ ಹತ್ತಿರವಿದ್ದ, ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ದರ 2023ರ ಜುಲೈ ವೇಳೆಗೆ ಶೇ. 5.25–5.50ಕ್ಕೆ ಏರಿದಾಗ ಬಹುತೇಕ ಖಜಾನೆಗಳು ಕಂಡದ್ದು ಇಂಥ ಏರಿಕೆಯನ್ನೇ. ಅದನ್ನು ನೆಚ್ಚಿಕೊಂಡು ಕಾಯಂ ಖರ್ಚುಗಳನ್ನು ಹೊತ್ತುಕೊಳ್ಳುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದಾಗಿ, ಬಡ್ಡಿ ಯಾವ ಹಣದ ಮೇಲೆ ಬಂತೆಂದು ಕೇಳಿ. ತೆರಿಗೆ ವಿನಾಯಿತಿಯ (ಬಡ್ಡಿಗೆ ಹೂಡಿಕೆದಾರರು ಫೆಡರಲ್ ಆದಾಯ ತೆರಿಗೆ ಕಟ್ಟಬೇಕಿಲ್ಲದ) ಬಾಂಡು ಮಾರಿ ತಂದ ಹಣವನ್ನು ಕಾಮಗಾರಿ ಮುಗಿಯುವ ತನಕ ಹೆಚ್ಚಿನ ಬಡ್ಡಿಗೆ ಹೂಡಿದರೆ, 1986ರ ತೆರಿಗೆ ಕಾನೂನಿನ ಪ್ರಕಾರ, ಬಾಂಡಿನ ದರವನ್ನು ಮೀರಿದ ಗಳಿಕೆಯನ್ನು ಸಾಮಾನ್ಯವಾಗಿ ಫೆಡರಲ್ ಸರ್ಕಾರಕ್ಕೆ ಹಿಂದಿರುಗಿಸಬೇಕಾಗುತ್ತದೆ. ಸಣ್ಣ ಸಾಲಗಾರರಿಗೆ ಮತ್ತು ನಿಗದಿತ ಅವಧಿಯೊಳಗೆ ಹಣವನ್ನು ಖರ್ಚು ಮಾಡಿದವರಿಗೆ ವಿನಾಯಿತಿಗಳಿವೆ.

ಆಮೇಲೆ ವಾರ್ಷಿಕ ಹಣಕಾಸು ವರದಿಯಲ್ಲಿ ‘ಹೂಡಿಕೆ ಆದಾಯ’ ಎಂಬ ಸಾಲಿಗೆ ಬನ್ನಿ. ಇದು ಬಡ್ಡಿಯೊಂದೇ ಅಲ್ಲ. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಲೆಕ್ಕಪತ್ರಕ್ಕೆ ನಿಯಮ ರೂಪಿಸುವ ಮಂಡಳಿಯ (GASB) 1997ರ 31ನೇ ನಿಯಮದ ನಂತರ ಹೂಡಿಕೆಗಳ ಮಾರುಕಟ್ಟೆ ಮೌಲ್ಯದ ಏರಿಳಿತವೂ ಇದರೊಳಗೆ ಸೇರುತ್ತದೆ. ಹೀಗಾಗಿ ದರಗಳು ಏರಿದ ವರ್ಷದಲ್ಲಿ ಬಡ್ಡಿ ಪೂರ್ತಿಯಾಗಿ ಕೈಗೆ ಬಂದಿದ್ದರೂ ಹಳೆಯ ಬಾಂಡುಗಳ ಬೆಲೆ ಕುಸಿದು ಈ ಸಾಲು ಋಣಾತ್ಮಕವಾಗಿ ಕಾಣಬಹುದು.

ಕೊನೆಯದಾಗಿ, ಅಪಾಯವನ್ನು ತೂಗಿ ನೋಡಿ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಖಜಾಂಚಿ ರಾಬರ್ಟ್ ಸಿಟ್ರನ್ ಸುಮಾರು 200 ಸಾರ್ವಜನಿಕ ಸಂಸ್ಥೆಗಳ 750 ಕೋಟಿ ಡಾಲರಿನಷ್ಟು ಹಣವನ್ನು ಒಂದೇ ನಿಧಿಯಲ್ಲಿ ನಿರ್ವಹಿಸುತ್ತಿದ್ದರು. ಆ ಹೂಡಿಕೆಗಳನ್ನೇ ಅಡವಿಟ್ಟು ಸಾಲ ತಂದು ಹೂಡಿಕೆಯನ್ನು ಸುಮಾರು 2,000 ಕೋಟಿಗೆ ಬೆಳೆಸಿದರು. ದರಗಳು ಇಳಿಯುತ್ತಿದ್ದಷ್ಟು ಕಾಲ ಬೇರೆ ನಿಧಿಗಳಿಗಿಂತ ಹೆಚ್ಚು ಬಡ್ಡಿ ಬಂತು. 1994ರಲ್ಲಿ ಫೆಡರಲ್ ರಿಸರ್ವ್ ತನ್ನ ದರವನ್ನು ಶೇ. 3ರಿಂದ 5.5ಕ್ಕೆ ಏರಿಸಿದಾಗ ನಿಧಿಗೆ ಸುಮಾರು 160 ಕೋಟಿ ಡಾಲರ್ ನಷ್ಟವಾಗಿ, ಡಿಸೆಂಬರ್ 6ರಂದು ಕೌಂಟಿ ದಿವಾಳಿ ಅರ್ಜಿ ಸಲ್ಲಿಸಿತು. ಆ ನಿಧಿಯಲ್ಲಿ ಶಾಲಾ ಜಿಲ್ಲೆಗಳ (ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು) ಹಣವೂ ಇತ್ತು. ಆದ್ದರಿಂದ ಯಾವುದೇ ಸರ್ಕಾರದ ಬಡ್ಡಿ ಆದಾಯ ಅದೇ ವರ್ಷ ಅಕ್ಕಪಕ್ಕದ ಸರ್ಕಾರಗಳು ಪಡೆದದ್ದಕ್ಕಿಂತ ಶಿಲ್ಕಿನ ಅನುಪಾತದಲ್ಲಿ ಎದ್ದುಕಾಣುವಷ್ಟು ಹೆಚ್ಚಿದ್ದರೆ, ವರದಿಯ ಹೂಡಿಕೆ ಟಿಪ್ಪಣಿಯನ್ನು ತೆರೆದು, ಹೂಡಿಕೆಗಳು ಸರಾಸರಿ ಎಷ್ಟು ವರ್ಷಕ್ಕೆ ಪಕ್ವವಾಗುತ್ತವೆ ಮತ್ತು ಅವುಗಳ ಹಿಂದೆ ಸಾಲವಿದೆಯೇ ಎಂಬ ಎರಡು ಸಂಗತಿಗಳನ್ನು ಹುಡುಕಿ.