ಎಂಟು ಪುಟ, ಒಂದು ಇಳಕಲ್ ಸೀರೆ: ಫ್ಯಾಷನ್ ಲೇಔಟ್ ಮಾಡುವುದು ಹೇಗೆ?

ಫ್ಯಾಷನ್ ಪುಟ ಮಾಡಲು ಕೂತವರು ಮೊದಲು ಫಾಂಟ್ ಹುಡುಕುತ್ತಾರೆ. ಅದಕ್ಕೆ ಅವಸರವಿಲ್ಲ. ಯಾವ ಫೋಟೊ ಮೊದಲು, ಯಾವುದು ದೊಡ್ಡದು ಅನ್ನೋದು ತೀರ್ಮಾನವಾಗದೆ ಉಳಿದದ್ದೇನೂ ನಿಲ್ಲುವುದಿಲ್ಲ.

ಇಳಕಲ್ ಸೀರೆ ಬಗ್ಗೆ ಎಂಟು ಪುಟದ ಫೋಟೊ ಲೇಖನ ಅಂದುಕೊಳ್ಳಿ. ಎಡಪುಟದಿಂದ ಶುರುಮಾಡಿದರೆ ನಾಲ್ಕು ಜೋಡಿಪುಟ ಸಿಗುತ್ತವೆ. ಪತ್ರಿಕೆ ಬಿಡಿಸಿದಾಗ ಎರಡೂ ಪುಟ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ ಅಲ್ವಾ? ಹಾಗಾಗಿ ಯೋಚನೆಯೂ ಜೋಡಿಯಲ್ಲೇ ಸಾಗಬೇಕು.

ನೆಲದ ಮೇಲೆ ಹರಡಿ

ಆಯ್ದ ಫೋಟೊಗಳನ್ನು ಸಾದಾ ಕಾಗದದಲ್ಲಿ ಮೂರು ಅಳತೆಗೆ ಪ್ರಿಂಟ್ ಹಾಕಿ: ಅಂಗೈಯಷ್ಟು, ಅರ್ಧ ಪುಟ, ಪೂರ್ತಿ ಪುಟ. ಕಪ್ಪು-ಬಿಳುಪು ಸಾಕು. ನೆಲದ ಮೇಲೆ ಹರಡಿ ಅದಲುಬದಲು ಮಾಡಿ. 1934ರಿಂದ 1958ರವರೆಗೆ ಅಮೆರಿಕದ ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಕಲಾ ನಿರ್ದೇಶಕರಾಗಿದ್ದ ಅಲೆಕ್ಸಿ ಬ್ರೊಡೊವಿಚ್ ಮಾಡುತ್ತಿದ್ದದ್ದೂ ಇದನ್ನೇ. ಒಂದೇ ಚಿತ್ರಕ್ಕೆ ಹಲವು ಅಳತೆಯ ನಕಲು ತೆಗೆಸಿ ನೆಲದ ಮೇಲೆ ಜೋಡಿಸಿ ನೋಡುತ್ತಿದ್ದರು. ಪುಟದಲ್ಲಿ ಬಿಳಿ ಜಾಗ ಧಾರಾಳವಾಗಿ ಬಿಡುವುದು ಅವರ ಗುರುತೇ ಆಗಿತ್ತು.

ನಾನಾದರೆ ಹೀಗೆ ಜೋಡಿಸುತ್ತೇನೆ. ಮೊದಲ ಜೋಡಿಯ ಎಡಪುಟ ಬಹುಪಾಲು ಖಾಲಿ, ಶೀರ್ಷಿಕೆ ಮಾತ್ರ. ಬಲಕ್ಕೆ ಪುಟ ತುಂಬ ಕೆಂಪು ಸೆರಗು, ಅದರ ಬಿಳಿ ಟೋಪ್ ತೆನಿ (ಇಳಕಲ್ ಸೆರಗಿನ ಸಾಂಪ್ರದಾಯಿಕ ವಿನ್ಯಾಸ). ಎರಡನೆಯದರಲ್ಲಿ ದೂರದಿಂದ ತೆಗೆದ ಚಿತ್ರ, ರೂಪದರ್ಶಿ ಅಡಿಯಿಂದ ಮುಡಿಯವರೆಗೆ ಕಾಣಬೇಕು. ಮೂರನೆಯದರಲ್ಲಿ ಸಣ್ಣ ಚಿತ್ರಗಳ ಗುಂಪು: ದಡಿ, ಕಸೂತಿ, ಮತ್ತೆ ಒಡಲಿನ ಹಾಸು ಎಳೆಗಳಿಗೆ (ಮಗ್ಗದ ಉದ್ದ ದಾರಗಳಿಗೆ) ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಸೇರಿಸಿದ ಜಾಗ. ಇಳಕಲ್ ನೇಯ್ಗೆಯ ವಿಶೇಷವೇ ಆ ಕೊಂಡಿ, ಅದನ್ನು ಬಿಡಬೇಡಿ. ಕೊನೆಗೆ ಎರಡೂ ಪುಟಕ್ಕೆ ಹರಡಿದ ಒಂದೇ ಫೋಟೊ. ಎಲ್ಲ ಚಿತ್ರಕ್ಕೂ ಸಮಪಾಲು ಕೊಟ್ಟರೆ ಮದುವೆ ಆಲ್ಬಂ ಆಗಿಬಿಡುತ್ತದೆ.

ಹೀಗೆ ಹರಡುವ ಫೋಟೊದಲ್ಲಿ ಮುಖ ನಡುವಿನ ಮಡಿಕೆಗೆ ಬೀಳಬಾರದು. ಅಂಟಿನ ಬೈಂಡಿಂಗ್ ಇದ್ದರೆ ಮಡಿಕೆ ಇನ್ನೂ ಜಾಸ್ತಿ ನುಂಗುತ್ತದೆ.

ಈಗ ಕಂಪ್ಯೂಟರ್

ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್ ಇದ್ದರೆ ಅದು, ಇಲ್ಲದಿದ್ದರೆ ಉಚಿತವಾಗಿ ಸಿಗುವ ಸ್ಕ್ರೈಬಸ್. ಪುಟ ಎ4, ಅಂದರೆ 210×297 ಮಿ.ಮೀ. ಸುತ್ತ 3 ಮಿ.ಮೀ. ಬ್ಲೀಡ್ (ಅಚ್ಚಾದ ಮೇಲೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಇಡಿ. ಆರು ಕಾಲಂ ಗ್ರಿಡ್ (ಪುಟವನ್ನು ಆರು ಉದ್ದ ಪಾಲು ಮಾಡುವ ಗೆರೆಗಳು) ಹಾಕಿ, ಚಿತ್ರ-ಬರಹ ಎಲ್ಲವನ್ನೂ ಅದಕ್ಕೇ ಕೂರಿಸಿ. ಪ್ರಯೋಗ ಶುರುವಾಗುವುದು ಆಮೇಲೆ. ಫೈಲಿನ ಮೂರು ನಕಲು ಮಾಡಿ. ಒಂದರಲ್ಲಿ ಚಿತ್ರದ ಕ್ರಾಪ್ (ಅಂಚು ಕತ್ತರಿಸುವ ರೀತಿ) ಮಾತ್ರ ಬದಲಿಸಿ, ಇನ್ನೊಂದರಲ್ಲಿ ಬಿಳಿ ಜಾಗ ಮಾತ್ರ, ಮೂರನೆಯದರಲ್ಲಿ ಶೀರ್ಷಿಕೆಯ ಜಾಗ ಮಾತ್ರ. ಎಲ್ಲವನ್ನೂ ಒಟ್ಟಿಗೆ ಕಲಕಿದರೆ ಯಾವುದರಿಂದ ಪುಟ ಚೆನ್ನಾಯಿತು ಅಂತ ತಿಳಿಯುವುದಿಲ್ಲ. ಗ್ರಿಡ್ ಮುರಿಯುವ ಆಸೆ ಇದ್ದರೆ ಒಂದೇ ಜೋಡಿಯಲ್ಲಿ ಮುರಿಯಿರಿ, ಆಗಲೇ ಅದು ಎದ್ದು ಕಾಣುವುದು.

ಕನ್ನಡ ಅಕ್ಷರದ ಪೇಚು

ಇಂಗ್ಲಿಷ್ ಪತ್ರಿಕೆಗಳ ಶೀರ್ಷಿಕೆ ಶೈಲಿ ಸುಮ್ನೆ ಎತ್ತಿಕೊಂಡರೆ ಕೆಡುತ್ತದೆ. ಅವರು ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹಾಕಿ, ಅಕ್ಷರಗಳ ನಡುವೆ ಅಂತರ ಬಿಟ್ಟು ಮೆರೆಸುತ್ತಾರೆ. ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲ. ಅಂತರ ಜಾಸ್ತಿಯಾದರೆ ಪದ ಚೆದುರಿಹೋಗುತ್ತದೆ. ಗಾತ್ರ ಮತ್ತು ದಪ್ಪದಲ್ಲೇ ಆಟ ಆಡಬೇಕು: 90 ಪಾಯಿಂಟಿನ ತೆಳು ಅಕ್ಷರದ ಪಕ್ಕ 10 ಪಾಯಿಂಟಿನ ಬರಹ. ಅನೆಕ್ ಕನ್ನಡ ಫಾಂಟಿನಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ಬಗೆ ಸಿಗುತ್ತವೆ, ಉಚಿತ ಕೂಡ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗ ಬೇಕು. 10 ಪಾಯಿಂಟ್ ಬರಹಕ್ಕೆ ಸಾಲಿನಿಂದ ಸಾಲಿಗೆ 15 ಅಥವಾ 16 ಪಾಯಿಂಟ್ ಇಟ್ಟು ನೋಡಿ. ಇನ್‌ಡಿಸೈನ್‌ನಲ್ಲಿ ಒತ್ತು ಕಳಚಿಕೊಂಡರೆ ಗಾಬರಿ ಬೇಡ, ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆ ಆರಿಸಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪ್ರೆಸ್‌ಗೆ ಕಳಿಸುವ ಮುನ್ನ

ಜೋಡಿಪುಟದ ಚಿತ್ರಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಬೇಕೆಂದರೆ ಸುಮಾರು 4960×3508 ಪಿಕ್ಸೆಲ್ ಆಗುತ್ತದೆ, ಬ್ಲೀಡ್‌ಗೆ ಇನ್ನಷ್ಟು. ಫೋಟೊ ಚಿಕ್ಕದಿದ್ದರೆ ಹಿಗ್ಗಿಸಬೇಡಿ, ಒಂದು ಪುಟಕ್ಕೆ ಇಳಿಸಿ. ಸ್ಕ್ರೀನಿನಲ್ಲಿ ಹೊಳೆಯುವ ಬಣ್ಣ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣಕ್ಕೆ) ಬಂದಾಗ ಮಂಕಾಗಬಹುದು. ಸೀರೆಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಸಾಧ್ಯವಾದರೆ ಅದೇ ಸೀರೆಯನ್ನು ಪ್ರೆಸ್‌ಗೆ ಒಯ್ಯಿರಿ. ಅಚ್ಚಿಗೆ ಬಳಸುವ ಕಾಗದದಲ್ಲೇ ಬಣ್ಣದ ಪ್ರೂಫ್ (ಮಾದರಿ ಪ್ರತಿ) ತೆಗೆಸಿ, ಸೆರಗನ್ನು ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಒಪ್ಪಿಗೆ ಕೊಡಿ.