ಆಂಕಿಯಲ್ಲಿ ಕಾರ್ಡುಗಳು ಬೆರೆತು ಬರುವಂತೆ ಮಾಡಿದ್ದು

ಉಡುಪಿಯಲ್ಲಿ ಪರೀಕ್ಷೆಗೆ ಓದಲು, ಪ್ರಶ್ನೆ-ಉತ್ತರದ ಕಾರ್ಡು ತೋರಿಸಿ ನೆನಪು ಗಟ್ಟಿಮಾಡಿಸುವ ಆಂಕಿ ಆ್ಯಪ್‌ನಲ್ಲಿ ಪಾಠಕ್ಕೊಂದು ಡೆಕ್ (ಕಾರ್ಡುಗಳ ಕಟ್ಟು) ಮಾಡಿದ್ದೆ. ‘ಬಾರ್ಕೂರು ಯಾರ ರಾಜಧಾನಿ?’ ಅಂದರೆ ಆಳುಪರು ಎಂದು ಥಟ್ಟನೆ ಬರುತ್ತಿತ್ತು. ಆ ಡೆಕ್ ತುಂಬ ಅವರೇ ಅಲ್ವಾ? ಎಲ್ಲ ಬೆರೆತ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ತಡಕಾಟ.

ಡೆಕ್‌ಗಳನ್ನೆಲ್ಲ ಒಂದು ದೊಡ್ಡ ಡೆಕ್‌ನ ಒಳಗಿಟ್ಟರೂ ಹೊಸ ಕಾರ್ಡುಗಳು ಪಾಠದ ಸರದಿಯಲ್ಲೇ ಬಂದವು. ದಿನದ ಮಿತಿ ಹೆಚ್ಚಿಸಿದರೆ ಕಾರ್ಡು ಜಾಸ್ತಿಯಾದವು, ಅಷ್ಟೆ.

ಸರಿಹೋದದ್ದು ಟ್ಯಾಗ್‌ನಿಂದ, ಅಂದರೆ ಕಾರ್ಡಿಗೆ ಅಂಟಿಸುವ ಹೆಸರುಚೀಟಿಯಿಂದ. ಕಂಪ್ಯೂಟರಿನಲ್ಲಿ ಬ್ರೌಸ್ ತೆರೆದು, ಎಡಗಡೆ ಒಂದು ಡೆಕ್ ಆರಿಸಿ, ಕಂಟ್ರೋಲ್-ಎ ಒತ್ತಿ. ನೋಟ್ಸ್ ಮೆನುವಿನ ಆಡ್ ಟ್ಯಾಗ್ಸ್‌ನಲ್ಲಿ ‘ಇತಿಹಾಸ::ಆಳುಪರು’ ಎಂದು ಕೊಡಿ. ನಡುವೆ ಜಾಗ ಬಿಟ್ಟರೆ ಎರಡು ಟ್ಯಾಗ್ ಆಗುತ್ತವೆ. ಎಲ್ಲ ಡೆಕ್‌ಗೂ ಟ್ಯಾಗ್ ಹಾಕಿದ ಮೇಲೆಯೇ ಚೇಂಜ್ ಡೆಕ್‌ನಿಂದ ಒಂದೇ ಡೆಕ್‌ಗೆ ಸಾಗಿಸಿ. ಮೊದಲೇ ಸಾಗಿಸಿದರೆ ಯಾವುದು ಯಾವ ಪಾಠದ್ದೆಂದು ಗೊತ್ತಾಗುವುದಿಲ್ಲ. ಕೊನೆಗೆ ಡೆಕ್ ಆಪ್ಷನ್ಸ್‌ನ ಡಿಸ್‌ಪ್ಲೇ ಆರ್ಡರ್‌ನಲ್ಲಿ ನ್ಯೂ ಕಾರ್ಡ್ ಗ್ಯಾದರ್ ಆರ್ಡರ್ ಅನ್ನು ರ್‍ಯಾಂಡಮ್ ಕಾರ್ಡ್ಸ್ ಮಾಡಿ. ಹಳೆಯ ಕಾರ್ಡುಗಳು ಮತ್ತೆ ಬರಬೇಕಾದ ದಿನ ಹಾಗೇ ಉಳಿಯುತ್ತದೆ.