ಲಾಕ್‌ಡೌನ್‌ನಲ್ಲಿ ಆಕಾಶ ನೋಡ್ತಾ ಸಿಕ್ಕ ಗೆಳೆಯರು – ನನ್ನ ಅನುಭವ

2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಮಹಾಮಾರಿ ಅಂತ ಘೋಷಿಸ್ತು, ಆಮೇಲೆ ಒಂದೊಂದೇ ದೇಶ ಬಾಗಿಲು ಹಾಕ್ಕೊಂಡ್ತು, ಒಬ್ಬರೇ ಇರೋ ನನ್ನಂಥವರಿಗೆ ಇನ್ನೊಬ್ಬ ಮನುಷ್ಯನ ಜೊತೆ ನೆಟ್ಟಗೆ ಕೂತು ಮಾತಾಡೋದೇ ಅಪರೂಪ ಆಗೋಯ್ತು. ಮನೆಯವರಿಗೆ ಫೋನ್ ಮಾಡ್ತಿದ್ದೆ, ಆದ್ರೆ ಎರಡೂ ಕಡೆ ಅದೇ ಸುದ್ದಿ ಅದೇ ಭಯ, ಫೋನ್ ಇಟ್ಟ ಮೇಲೆ ಇನ್ನೂ ಭಾರ ಅನ್ಸ್ತಿತ್ತು. ಆ ಹೊತ್ತಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ಆನ್‌ಲೈನ್ ಚರ್ಚಾ ಗುಂಪು. ಚಿಲಿ, ಪೋಲೆಂಡ್, ಕೀನ್ಯಾ, ಜಪಾನ್, ಹೀಗೆ ಯಾರ ಮುಖಾನೂ ಯಾರೂ ನೋಡಿರದ ಜನ. ಇವತ್ತಿಗೂ ಅವರು ನನಗೆ ತುಂಬಾ ಹತ್ತಿರದವರು. ಅದು ಹೇಗೆ ಸಾಧ್ಯ ಆಯ್ತು ಅಂತ ಸುಮಾರು ಜನ ಕೇಳಿದಾರೆ, ಅದಕ್ಕೇ ಬರೀತಿದೀನಿ.

ಒಂಟಿತನ ಕಳೆಯೋಕೆ ಅಂತಲೇ ಇರೋ ಗುಂಪುಗಳನ್ನ ನಾನು ಹುಡುಕ್ಲಿಲ್ಲ. ಅಂಥ ಕಡೆ ಎಲ್ಲರೂ ತಮ್ಮ ನೋವು ಹೇಳ್ಕೊಳ್ಳೋಕೆ ಬಂದಿರ್ತಾರೆ, ಕೇಳಿಸ್ಕೊಳ್ಳೋಕೆ ಯಾರಲ್ಲೂ ಶಕ್ತಿ ಉಳಿದಿರಲ್ಲ. ನಾನು ಹೋಗಿದ್ದು ಕಿಟಕಿಯಿಂದಲೋ ತಾರಸಿಯಿಂದಲೋ ಬರಿಗಣ್ಣಲ್ಲಿ ಆಕಾಶ ನೋಡೋರ ಗುಂಪಿಗೆ. ನೋಡೋಕೆ ಒಂದು ವಸ್ತು ಎದುರಿಗಿದ್ರೆ ಮಾತು ತಾನಾಗೇ ಹುಟ್ಟತ್ತೆ, ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸ್ಕೊಂಡು ಈಗೇನು ಹೇಳ್ಲಿ ಅಂತ ಒದ್ದಾಡೋ ಹಾಗಿಲ್ಲ. ಆ ದೊಡ್ಡ ಗುಂಪಲ್ಲಿ ನಾನು ಪೋಸ್ಟ್ ಹಾಕಿದ್ದು ಕಮ್ಮಿ, ಯಾರು ಪ್ರಶ್ನೆ ಕೇಳ್ತಾರೆ, ಯಾರು ಬಂದ ಉತ್ತರಕ್ಕೆ ಮತ್ತೆ ವಾಪಸ್ ಬಂದು ಮಾತಾಡ್ತಾರೆ ಅಂತ ಗಮನಿಸ್ತಾ ಇದ್ದೆ, ಅಂಥವರಿಗೆ ಒಬ್ಬೊಬ್ಬರಿಗೇ ಬರೆದು, ವಾರಕ್ಕೊಂದ್ಸಲ ಸೇರೋಣ್ವಾ ಅಂತ ಕೇಳ್ದೆ. ಆರೇಳು ಜನ ಒಪ್ಕೊಂಡ್ರು. ಅದಕ್ಕಿಂತ ಜಾಸ್ತಿ ಬೇಡ ಅಂತ ನಾನೇ ಹಠ ಹಿಡ್ದೆ, ಯಾಕಂದ್ರೆ ಒಂದು ಗಂಟೇಲಿ ಎಲ್ಲರಿಗೂ ಸಮಾಧಾನವಾಗಿ ಮಾತಾಡೋಕೆ ಆಗ್ಬೇಕು, ಯಾರಾದ್ರೂ ಬರದೇ ಇದ್ರೆ ಅವರಿಲ್ಲ ಅನ್ನೋದು ಉಳಿದವರಿಗೆ ಗೊತ್ತಾಗ್ಬೇಕು.

ಟೈಮ್ ಹೊಂದಿಸೋಕೆ ಒಂದೇ ದಾರಿ, ಯುಟಿಸಿ (ಇಡೀ ಜಗತ್ತಿಗೆ ಒಂದೇ ಆಗಿರೋ ಪ್ರಮಾಣ ಸಮಯ) 12 ಗಂಟೆ ಅಂತ ಕಟ್ಟಿಹಾಕಿದ್ವಿ. ಜಪಾನಿನಲ್ಲಿ ಆಗ ರಾತ್ರಿ 9, ಕೀನ್ಯಾದಲ್ಲಿ ಮಧ್ಯಾಹ್ನ 3, ಚಿಲಿಯಲ್ಲಿ ಬೆಳಗ್ಗೆ. ಯುರೋಪಲ್ಲಿ ಮಾರ್ಚ್ ಕೊನೆ ಭಾನುವಾರ ಗಡಿಯಾರ ಮುಂದಕ್ಕೆ ಹಾಕ್ತಾರೆ, ಅದಾಗಿ ಸ್ವಲ್ಪ ದಿನಕ್ಕೆ ಚಿಲಿಯವರು ಹಿಂದಕ್ಕೆ ಹಾಕ್ತಾರೆ, ಯುಟಿಸಿ ಹಿಡ್ಕೊಂಡ್ರೆ ಈ ಗೊಂದಲ ಇರಲ್ಲ.

ನಿಜವಾದ ಬದಲಾವಣೆ ಬಂದಿದ್ದು ಎಲ್ಲಿ ಅಂದ್ರೆ, ಪ್ರತಿಯೊಬ್ಬರ ಹತ್ರಾನೂ ಇನ್ನೊಬ್ಬರಿಗೆ ಕಾಣದೇ ಇರೋ ಏನೋ ಒಂದು ಇತ್ತು. ಆ ಜುಲೈನಲ್ಲಿ ನಿಯೋವೈಸ್ ಧೂಮಕೇತು ಉತ್ತರ ಗೋಳಾರ್ಧದವರಿಗೆ ಬರಿಗಣ್ಣಿಗೇ ಕಾಣ್ತಿತ್ತು, ಚಿಲಿಯವರಿಗೆ ಅದು ಚೆನ್ನಾಗಿ ಹೊಳೀತಿದ್ದ ದಿನಗಳಲ್ಲಿ ಕ್ಷಿತಿಜದ ಕೆಳಗೇ ಇತ್ತು. ಪೋಲೆಂಡಿನವರು ಅದರ ಬಾಲ ಯಾವ ಕಡೆ ಬಾಗಿದೆ, ಎಷ್ಟು ಮಸುಕು ಅಂತ ಬಿಡಿಸಿ ಬಿಡಿಸಿ ಹೇಳಿದ್ರು. ಚಿಲಿಯವರು ಬದಲಿಗೆ ಮೆಗೆಲ್ಲಾನಿಕ್ ಮೋಡಗಳ ಬಗ್ಗೆ ಹೇಳಿದ್ರು, ನಮ್ಮ ಗ್ಯಾಲಕ್ಸಿಯ ಪಕ್ಕದ ಪುಟ್ಟ ಗ್ಯಾಲಕ್ಸಿಗಳು ಅವು, ಯುರೋಪಿನಿಂದ ಯಾವತ್ತೂ ಕಾಣಲ್ಲ. ಚಂದ್ರನ ವಿಷಯಕ್ಕೆ ಬಂದ್ರೆ ಒಂದೇ ದಿನ ಎಲ್ಲರಿಗೂ ಅದೇ ಬಿದಿಗೆ ಚಂದ್ರ, ಆದ್ರೆ ಚಿಲಿಯವರಿಗೆ ಪೋಲೆಂಡಿನವರು ನೋಡೋದಕ್ಕೆ ತಲೆಕೆಳಗು, ಸಮಭಾಜಕದ ಹತ್ರ ಇರೋ ಕೀನ್ಯಾದವರಿಗೆ ದೋಣಿ ಥರ ಮಲಗಿರತ್ತೆ. ಎಲ್ಲರೂ ಬಿಡಿಸಿದ ಚಿತ್ರಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ಯಾರದು ಸರಿ ಅನ್ನೋ ಪ್ರಶ್ನೇನೇ ಏಳ್ಲಿಲ್ಲ. ಗಾರ್ಡನ್ ಆಲ್‌ಪೋರ್ಟ್ ಅನ್ನೋ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ರು, ಬೇರೆ ಬೇರೆ ಸಮುದಾಯದವರು ಬರೀ ಭೇಟಿ ಆದ್ರೆ ಸಾಲ್ದು, ಸಮಾನ ಸ್ಥಾನ ಇರ್ಬೇಕು, ಒಂದೇ ಗುರಿಗೆ ಕೈಜೋಡಿಸ್ಬೇಕು, ಆಗ್ಲೇ ಪೂರ್ವಗ್ರಹ ಕರಗೋದು ಅಂತ. ನಮಗೆ ಆ ಸಮಾನತೆ ಆಕಾಶದಿಂದಲೇ ಸಿಕ್ತು.

ಒಂದು ಕಟ್ಟುನಿಟ್ಟು ಮಾತ್ರ ಇಟ್ಕೊಂಡಿದ್ವಿ. "ನಿಮ್ಮ ದೇಶದಲ್ಲಿ ಜನ ಹೇಗೆ?" ಅಂತ ಕೇಳಂಗಿಲ್ಲ. "ನೀನು ನಿನ್ನೆ ರಾತ್ರಿ ಏನು ನೋಡ್ದೆ, ಆಗ ಪಕ್ಕದಲ್ಲಿ ಯಾರಿದ್ರು?" ಅಂತ ಕೇಳ್ಬಹುದು. ಒಬ್ಬ ಮನುಷ್ಯನ ಮೇಲೆ ಇಡೀ ದೇಶದ ವಕಾಲತ್ತು ಹೊರಿಸಿದ್ರೆ ಅವನು ಪಾಠ ಒಪ್ಪಿಸ್ತಾನೆ ಅಷ್ಟೇ, ತನ್ನ ಮಾತು ಆಡಲ್ಲ. ಸಂಸ್ಕೃತಿ, ನಂಬಿಕೆ, ಮನೆಯೊಳಗಿನ ಜಗಳ ಎಲ್ಲಾ ಆಮೇಲೆ ತಾನಾಗೇ ಬಂತು, ಅದೂ ನಾನು ಎಣಿಸಿದ್ದಕ್ಕಿಂತ ಬೇಗ.

ಇನ್ನೊಂದು ಮೌನದ ವಿಷಯ, ಇದು ನನ್ನ ಪ್ರಕಾರ ತುಂಬಾ ಮುಖ್ಯ. 2009ರಲ್ಲಿ ಬಂದ ಒಂದು ಅಧ್ಯಯನ ಹತ್ತು ಭಾಷೆಗಳನ್ನ ಅಳೆದು ನೋಡಿತ್ತು, ಹೌದು-ಇಲ್ಲ ಅನ್ನೋ ಪ್ರಶ್ನೆ ಮುಗಿದ ಮೇಲೆ ಉತ್ತರ ಬರೋಕೆ ಎಷ್ಟು ಹೊತ್ತು ಅಂತ. ಸರಾಸರಿ ಸುಮಾರು 200 ಮಿಲಿಸೆಕೆಂಡ್, ಜಪಾನಿ ಭಾಷೇಲಿ ಸುಮಾರು 7, ಡ್ಯಾನಿಶ್‌ನಲ್ಲಿ 469. ಅಂದ್ರೆ ನಾವೆಲ್ಲ ಕಣ್ಣು ಮಿಟುಕಿಸೋದ್ರೊಳಗೆ ಉತ್ತರ ಬರತ್ತೆ ಅಂತ ಕಾಯ್ತಿರ್ತೀವಿ, ಅದರ ಮೇಲೆ ಕಾಲ್‌ನ ನೆಟ್‌ವರ್ಕ್ ತಡ ಸೇರಿಕೊಂಡ್ರೆ, ಜೊತೆಗೆ ಇಂಗ್ಲಿಷು ಯಾರಿಗೂ ತಾಯ್ನುಡಿ ಅಲ್ಲದೇ ಇದ್ರೆ, ಯೋಚ್ನೆ ಮಾಡ್ತಿರೋನು ನಮಗೆ ಉದಾಸೀನ ತೋರಿಸ್ತಿರೋನ ಥರ ಕಾಣ್ತಾನೆ. ನಾವು ಏನ್ ಮಾಡಿದ್ವಿ ಅಂದ್ರೆ, ಯಾರಾದ್ರೂ ಮಾತು ನಿಲ್ಲಿಸಿದ್ರೆ ಮನಸ್ಸಲ್ಲೇ ಐದು ಎಣಿಸಿ ಆಮೇಲೆ ಬಾಯಿ ತೆರೆಯೋದು. ಇಷ್ಟರಿಂದಲೇ ಅಲ್ಲೀವರೆಗೂ ಚಾಟಲ್ಲಿ ಮಾತ್ರ ಬರೀತಿದ್ದ ಇಬ್ಬರು ಬಾಯಿಬಿಟ್ಟು ಮಾತಾಡೋಕೆ ಶುರು ಮಾಡಿದ್ರು. ಕಾಲ್ ಇಲ್ಲದ ದಿನಗಳಲ್ಲಿ ಉದ್ದುದ್ದ ಬರೀತಿದ್ವಿ, ಡಿಕ್ಷನರಿ ನೋಡ್ಕೊಂಡು ನಿಧಾನಕ್ಕೆ ಬರೆದ ಪತ್ರದಲ್ಲಿ ಮನುಷ್ಯ ಇನ್ನೂ ಚೆನ್ನಾಗಿ ಕಾಣ್ತಾನೆ.

ಆ ವರ್ಷ ನಮ್ಮಲ್ಲೊಬ್ಬರು ಅಪ್ಪನ್ನ ಕಳ್ಕೊಂಡ್ರು, ಅಂತ್ಯಸಂಸ್ಕಾರಕ್ಕೂ ಹೋಗೋಕಾಗ್ಲಿಲ್ಲ. ಆ ವಾರ ಯಾರೂ ಸಮಾಧಾನದ ಮಾತು ಹುಡುಕೋಕೆ ಹೋಗ್ಲಿಲ್ಲ, ಅಪ್ಪನ ಬಗ್ಗೆ ಹೇಳು ಅಂತ ಕೇಳಿದ್ವಿ, ಅವರು ಹೇಳ್ತಾನೇ ಹೋದ್ರು, ಮಧ್ಯೆ ಮಧ್ಯೆ ನಿಲ್ಲಿಸಿದಾಗ ಎಲ್ಲರೂ ಕಾದ್ವಿ. ಐದು ಎಣಿಸೋ ಅಭ್ಯಾಸ ಯಾಕೆ ಬೇಕಿತ್ತು ಅಂತ ಆವತ್ತು ಪೂರ್ತಿ ಅರ್ಥ ಆಯ್ತು.

2020ರ ಡಿಸೆಂಬರ್ 21ಕ್ಕೆ ಗುರು-ಶನಿ ಎರಡೂ ಆಕಾಶದಲ್ಲಿ ಬರೀ 0.1 ಡಿಗ್ರಿ ಅಂತರಕ್ಕೆ ಬಂದ್ವು, ಇಷ್ಟು ಹತ್ರ ಬಂದು ಕಣ್ಣಿಗೂ ಚೆನ್ನಾಗಿ ಕಂಡಿದ್ದು 1226ರ ನಂತರ ಅದೇ ಮೊದಲು. ನಗರದ ಬೆಳಕಲ್ಲೂ ಕಾಣೋ ಅಂಥದ್ದು, ಉತ್ತರ ದಕ್ಷಿಣ ಅನ್ನೋ ಭೇದ ಇಲ್ಲ. ಜಪಾನಿನಲ್ಲಿ ಮುಸ್ಸಂಜೆ ಆಗ್ತಿದ್ದ ಹಾಗೆ ಮೊದಲ ಮೆಸೇಜ್, ಆಮೇಲೆ ಪೋಲೆಂಡಿನಿಂದ ಮೋಡ ಅಂತ ಬೇಜಾರಿನ ಮೆಸೇಜ್, ಕೀನ್ಯಾದಿಂದ ಫೋಟೋ, ಕೊನೆಗೆ ಹದಿನಾರು ಗಂಟೆ ಆದ್ಮೇಲೆ ಚಿಲಿಯವರು. ಮೋಡದಲ್ಲಿ ಸಿಕ್ಕಿಹಾಕ್ಕೊಂಡವರಿಗೋಸ್ಕರ ಉಳಿದವರೆಲ್ಲ ನೋಡಿದ್ದನ್ನ ಬರೆದು ಕಳಿಸಿದ್ವಿ.

ಲಾಕ್‌ಡೌನ್ ಮುಗಿದ ಮೇಲೆ ಇಬ್ಬರು ಕೆಲಸದ ಒತ್ತಡಕ್ಕೆ ಬಿಟ್ಟುಹೋದ್ರು, ಹೊಸಬರು ಒಬ್ಬರು ಬಂದಿದಾರೆ. ವಾರಕ್ಕೊಂದ್ಸಲ ಇದ್ದಿದ್ದು ಈಗ ತಿಂಗಳಿಗೊಂದ್ಸಲ, ಟೈಮ್ ಮಾತ್ರ ಅದೇ ಯುಟಿಸಿ 12. ಹೊಸಬರು ಬಂದಾಗ ಯಾವ ದೇಶ ಏನು ಕೆಲಸ ಅಂತ ಮೊದಲು ವಿಚಾರಿಸಲ್ಲ, ನಿಮ್ಮ ಕಿಟಕಿಯಿಂದ ಯಾವ ದಿಕ್ಕು ಕಾಣತ್ತೆ ಅಂತ ಕೇಳ್ತೀವಿ.